ಸುರಂಗದ ಮಣ್ಣು, ಹಕ್ಕಿಯ ಗೂಡು

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದು ಎಲಿಜಬೆತ್ ಲೈನ್ ರೈಲು ಹತ್ತಿದವರಿಗೆ ಗೊತ್ತು, ಪ್ಯಾಡಿಂಗ್ಟನ್ ಹತ್ತಿರವಾಗುತ್ತಿದ್ದಂತೆ ಬಂಡಿ ನೆಲದೊಳಗೆ ನುಗ್ಗಿಬಿಡುತ್ತದೆ. ಬಾಂಡ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್ ಎಲ್ಲವೂ ಆ ಪಾತಾಳದಲ್ಲೇ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಹೋದ ತಾಯಂದಿರು, ಅಲ್ಲೇ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರು, ಎಷ್ಟೋ ಕನ್ನಡಿಗರು ಆ ಕತ್ತಲೆಯಲ್ಲಿ ಓಡಾಡಿದ್ದಾರೆ. ಹೋಗುವ ಕೊಳವೆ, ಬರುವ ಕೊಳವೆ ಎರಡೂ ಸೇರಿ 42 ಕಿಲೋಮೀಟರ್ ಸುರಂಗ! ಸರಿ, ಸುರಂಗವೆಂದರೆ ಮಣ್ಣು ತೆಗೆದ ಜಾಗ ತಾನೇ? ಹಾಗಾದರೆ ಅಲ್ಲಿದ್ದ ಮಣ್ಣು ಎಲ್ಲಿ ಹೋಯಿತು?

ಹೇಳಿದರೆ ನಂಬುವುದು ಕಷ್ಟ. ಅದರಲ್ಲಿ 30 ಲಕ್ಷ ಟನ್ನಿಗೂ ಹೆಚ್ಚು ಮಣ್ಣು ರೈಲು ಹತ್ತಿತು, ಹಡಗು ಹತ್ತಿತು, ಥೇಮ್ಸ್ ನದಿಯ ಬಾಯಿ ದಾಟಿ ಎಸೆಕ್ಸ್ ಕರಾವಳಿಯ ಒಂದು ಚಪ್ಪಟೆ ದ್ವೀಪಕ್ಕೆ ಹೋಗಿ ಇಳಿಯಿತು. ಅಲ್ಲಿ ಗೋಧಿ ಬೆಳೆಯುತ್ತಿದ್ದ ಹೊಲಗಳಿದ್ದವು. ಆ ಹೊಲಗಳ ಮೇಲೆ ಈ ಮಣ್ಣು ಹರಡಿದರು, ಆಮೇಲೆ ಸಮುದ್ರಕ್ಕೆ ಬಾಗಿಲು ತೆಗೆದರು. ಈಗ ದಿನಕ್ಕೆ ಎರಡು ಸಲ ಉಬ್ಬರದ ನೀರು ಅಲ್ಲಿಗೆ ಹತ್ತಿ ಬರುತ್ತದೆ, ಎರಡು ಸಲ ಇಳಿದು ಹೋಗುತ್ತದೆ. ಬಾಗಿದ ಕೊಕ್ಕಿನ ಅವೊಸೆಟ್ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಮಹಾನಗರವೊಂದು ತನ್ನ ಹೊಟ್ಟೆ ಬಗೆದು ತೆಗೆದದ್ದು ಅಳಿವೆಯೊಂದರ ನೆಲವಾಯಿತು!

ದ್ವೀಪದ ಹೆಸರು ವಾಲಸೀ. ಕ್ರೌಚ್ ಮತ್ತು ರೋಚ್ ಎಂಬ ಎರಡು ನದಿಗಳು ಸಮುದ್ರ ಸೇರುವ ಮುನ್ನ ಒಂದನ್ನೊಂದು ಕೂಡಿಕೊಳ್ಳುತ್ತವೆ. ಆ ಕವಲಿನ ನಡುವೆ ಅದು ಸಿಕ್ಕಿಕೊಂಡಿದೆ. ಆಚೆ ದಡದಲ್ಲಿ ಬರ್ನ್‌ಹ್ಯಾಮ್ ಪಟ್ಟಣ, ಅದರ ಹಾಯಿದೋಣಿಗಳು. ಈಚೆಗೆ ಗುಡ್ಡವಿಲ್ಲ, ಮರವೂ ಅಷ್ಟಕ್ಕಷ್ಟೇ, ಎತ್ತ ನೋಡಿದರೂ ಆಕಾಶ. ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ, ತೆಂಗು ಕಾಂಡ್ಲ ಏನೂ ಇಲ್ಲದ ಇಂಥ ಬೋಳು ಅಳಿವೆ ಮೊದಲ ನೋಟಕ್ಕೆ ಬೇಸರ ತರಿಸೀತು. ಸ್ವಲ್ಪ ತಾಳಿ.

ಈ ದ್ವೀಪ ಒಂದು ಕಾಲಕ್ಕೆ ಒಂದು ದ್ವೀಪವೇ ಆಗಿರಲಿಲ್ಲ, ಐದು ದ್ವೀಪಗಳಾಗಿತ್ತು. ನಡುವೆ ಉಪ್ಪುನೀರಿನ ಕವಲುಗಳು ಹಾವಿನಂತೆ ಹರಿದಾಡುತ್ತಿದ್ದವು. ಎಸೆಕ್ಸ್ ತೀರದ ಉದ್ದಕ್ಕೂ ಅಂಥ ಜೌಗು ನೆಲ 400 ವರ್ಷಗಳ ಹಿಂದೆ ಸುಮಾರು 30,000 ಹೆಕ್ಟೇರ್ ಇತ್ತು. ಇಂದು ಉಳಿದಿರುವುದು 2,500 ಹೆಕ್ಟೇರ್. ಮಿಕ್ಕದ್ದೆಲ್ಲ ಏನಾಯಿತೆಂದರೆ, ಜನ ಮಣ್ಣಿನ ಒಡ್ಡು ಹಾಕಿದರು, ಸಮುದ್ರವನ್ನು ಆಚೆ ನಿಲ್ಲಿಸಿದರು, ಒಳಗೆ ದನ ಕುರಿ ಮೇಯಿಸಿದರು, ಉತ್ತರು, ಬಿತ್ತಿದರು. ಇದನ್ನು ಮಾಡಿದವರು ದುರಾಸೆಯವರೇನಲ್ಲ. ಉಪ್ಪುನೆಲದಿಂದ ಒಂದು ತುತ್ತು ಅನ್ನ ಹುಟ್ಟಿಸುವುದು ಎಷ್ಟು ಕಷ್ಟವೆಂದು ಕುಮಟಾದ ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ರೈತರನ್ನು ಕೇಳಬೇಕು. ಎಸೆಕ್ಸ್‌ನ ಜೌಗಿನಲ್ಲಂತೂ ಮಲೇರಿಯಾ ಬೇರೆ ಕಾಡುತ್ತಿತ್ತು. ರಾಬಿನ್‌ಸನ್ ಕ್ರೂಸೋ ಬರೆದ ಡೇನಿಯಲ್ ಡಿಫೋ 1720ರ ದಶಕದಲ್ಲಿ ಈ ಕಡೆ ಸುತ್ತಾಡಿ ಒಂದು ವಿಚಿತ್ರ ಸುದ್ದಿ ದಾಖಲಿಸಿದ್ದಾನೆ: ಇಲ್ಲಿನ ಗಂಡಸರು ಒಬ್ಬೊಬ್ಬರೂ ಐದಾರು ಮದುವೆಯಾದವರು, ಕೆಲವರು ಹದಿನಾಲ್ಕು ಹದಿನೈದರವರೆಗೂ ಮುಟ್ಟಿದವರು! ಕಾರಣ, ಜೌಗಿನಲ್ಲೇ ಬೆಳೆದ ಗಂಡಸಿಗೆ ಆ ಹವೆ ಒಗ್ಗಿರುತ್ತಿತ್ತು. ಮೇಲುಸೀಮೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು ಚಳಿಜ್ವರ ಹಿಡಿದು ವರ್ಷದೊಳಗೆ ಸಾಯುತ್ತಿದ್ದಳು. ಲೆಕ್ಕದಲ್ಲಿ ಎಷ್ಟು ಬಾಯಿಮಾತೋ ಏನೋ, ಆ ಹೆಣ್ಣುಮಕ್ಕಳನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಈಗ ನನ್ನನ್ನು ದಂಗುಬಡಿಸಿದ ಸಂಗತಿಗೆ ಬರುತ್ತೇನೆ. ಒಡ್ಡು ಹಾಕಿದ ದಿನದಿಂದ ಆ ನೆಲ ಕುಸಿಯತೊಡಗುತ್ತದೆ!

ನಿಧಾನವಾಗಿ ನೋಡೋಣ. ಒಡ್ಡಿನ ಹೊರಗಿನ ಜೌಗಿಗೆ ಪ್ರತಿ ಉಬ್ಬರವೂ ಒಂದಿಷ್ಟು ಮೆಕ್ಕಲು ತಂದು ಹಾಕುತ್ತದೆ. ಗಿಡದ ಕಾಂಡಗಳ ನಡುವೆ ನೀರಿನ ವೇಗ ತಗ್ಗುತ್ತದೆ, ಕೆಸರು ತಳ ಸೇರುತ್ತದೆ. ಕೂದಲೆಳೆಯಷ್ಟು ಕೂದಲೆಳೆಯಷ್ಟು ಸೇರುತ್ತ ಸೇರುತ್ತ, ಸಮುದ್ರ ಏರಿದಂತೆ ಜೌಗೂ ಏರುತ್ತದೆ. ಒಳಗಿನ ಹೊಲಕ್ಕೆ ಆ ಮೆಕ್ಕಲು ನಿಂತಿತು. ಮೇಲಾಗಿ ಕಾಲುವೆ ತೋಡಿ ನೀರು ಬಸಿದದ್ದರಿಂದ ಜೇಡಿ ಒಣಗಿ ಕುಗ್ಗಿತು, ಅದರೊಳಗಿನ ಹಳೆಯ ಬೇರು ಎಲೆಗಳ ಅಂಶ ಗಾಳಿ ತಾಗಿ ಕರಗಿಹೋಯಿತು. ಸಾಲದ್ದಕ್ಕೆ ಆಗ್ನೇಯ ಇಂಗ್ಲೆಂಡಿನ ನೆಲವೇ ಮೆಲ್ಲಗೆ ಇಳಿಯುತ್ತಿದೆ. ಹಿಮಯುಗದಲ್ಲಿ ಸ್ಕಾಟ್ಲೆಂಡನ್ನು ಒತ್ತಿ ಹಿಡಿದಿದ್ದ ಹಿಮದ ಭಾರ ಕರಗಿ ಸಾವಿರಾರು ವರ್ಷ ಕಳೆದರೂ ಆ ತುದಿ ಇನ್ನೂ ಮೇಲೇಳುತ್ತಿದೆ, ಈ ತುದಿ ಕೆಳಗಿಳಿಯುತ್ತಿದೆ! ಇಷ್ಟೆಲ್ಲ ಸೇರಿ, ಮುನ್ನೂರು ನಾನೂರು ವರ್ಷಗಳಲ್ಲಿ ಒಡ್ಡಿನ ಆಚೆಯ ಜೌಗು ಎತ್ತರದಲ್ಲಿ, ಈಚೆಯ ಗೋಧಿ ಹೊಲ ಆಳುದ್ದ ತಗ್ಗಿನಲ್ಲಿ. ರೈತ ತನ್ನ ಹೊಲದಲ್ಲಿ ನಿಂತರೆ ಭರ್ತಿಯ ಹೊತ್ತಿಗೆ ಸಮುದ್ರ ಅವನ ತಲೆಯ ಮಟ್ಟದಲ್ಲಿ.

1953ರ ಜನವರಿ 31ರ ರಾತ್ರಿ ಇದರ ಬೆಲೆ ಗೊತ್ತಾಯಿತು. ಉತ್ತರ ಸಮುದ್ರದ ಬಿರುಗಾಳಿ ದೊಡ್ಡ ಉಬ್ಬರದ ಬೆನ್ನೇರಿ ಬಂದು ಪೂರ್ವ ಕರಾವಳಿಯ ಒಡ್ಡುಗಳನ್ನು ಸಾಲುಸಾಲಾಗಿ ಒಡೆಯಿತು. ಇಂಗ್ಲೆಂಡಿನಲ್ಲಿ 307 ಜನ ಸತ್ತರು, ನೆದರ್‌ಲ್ಯಾಂಡ್ಸ್‌ನಲ್ಲಿ 1,836. ವಾಲಸೀಯೂ ಮುಳುಗಿತು. ನೀರು ಇಳಿದ ಮೇಲೂ ಉಪ್ಪು ಇಳಿಯಲಿಲ್ಲ. ಉಪ್ಪಿನ ಸೋಡಿಯಂ ಸೇರಿದ ಜೇಡಿ ತನ್ನ ಹರಳು ಕಳೆದುಕೊಂಡು ಅಂಟಂಟಾಗುತ್ತದೆ, ನೀರು ಇಂಗದು, ಬೇರು ಇಳಿಯದು. ಮುಳುಗಿದ ಹೊಲಗಳಿಗೆ ಜಿಪ್ಸಂ ಸುರಿದು ಸುರಿದು ಆ ಸೋಡಿಯಂ ಬಿಡಿಸಬೇಕಾಯಿತು. ಒಡ್ಡು ಮತ್ತೆ ಕಟ್ಟಿದರು, ಇನ್ನೂ ಎತ್ತರ ಕಟ್ಟಿದರು.

ಆದರೆ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಸೆಕ್ಸ್‌ನಲ್ಲೇ ಸಾಕ್ಷಿ ಇತ್ತು, ಅದೂ ಕಣ್ಣೆದುರೇ. 1897ರ ನವೆಂಬರ್ 29ರಂದು ಇಂಥದೇ ಒಂದು ಉಬ್ಬರ ಒಡ್ಡುಗಳನ್ನು ಮುರಿದಿತ್ತು. ಆಗ ಧಾನ್ಯದ ಬೆಲೆ ನೆಲಕಚ್ಚಿದ್ದ ಕಾಲ. ದುರಸ್ತಿಯ ಖರ್ಚು ಹುಟ್ಟದೆಂದು ಕೆಲವು ಕಡೆ ಜನ ಕೈಚೆಲ್ಲಿ ಕೂತರು. ಹೊಲಗಳ ಮೇಲೆ ನೀರು ಆಡಿತು, ಕೆಸರು ಕೂತಿತು, ಯಾರೂ ನೆಡದ ಉಪ್ಪುಗಿಡಗಳು ಎದ್ದವು. ಒಂದು ನೂರು ವರ್ಷ ಯಾರೂ ಅದನ್ನು ಒಂದು ಉಪಾಯವೆಂದು ನೋಡಲಿಲ್ಲ!

ನೋಡಿದ್ದು 1991ರಲ್ಲಿ. ಅಲ್ಲೇ ಪಕ್ಕದ ಬ್ಲ್ಯಾಕ್‌ವಾಟರ್ ಅಳಿವೆಯ ನಾರ್ಥಿ ದ್ವೀಪದಲ್ಲಿ ಮೊದಲ ಬಾರಿಗೆ ಬೇಕೆಂದೇ ಒಡ್ಡು ತಗ್ಗಿಸಿ ಸಮುದ್ರವನ್ನು ಒಳಗೆ ಬಿಟ್ಟರು. ಎಷ್ಟು ಜಾಗಕ್ಕೆ? 0.8 ಹೆಕ್ಟೇರ್, ಬರೀ ಎರಡು ಎಕರೆ! 1995ರಲ್ಲಿ ಟೋಲ್ಸ್‌ಬರಿಯಲ್ಲಿ 21 ಹೆಕ್ಟೇರ್. ಹೀಗೆ ಅಂಜುತ್ತ ಅಳುಕುತ್ತ ಹೆಜ್ಜೆಯಿಟ್ಟವರು ವಾಲಸೀಗೆ ಬಂದದ್ದು ಒಂದು ಕೋರ್ಟು ಕೇಸಿನ ದಾರಿಯಲ್ಲಿ, ಆ ಕತೆಯೂ ಸ್ವಾರಸ್ಯವಾಗಿದೆ. ಕೆಂಟ್‌ನ ಮೆಡ್‌ವೇ ನದೀಮುಖದಲ್ಲಿ ಲ್ಯಾಪಲ್ ಬ್ಯಾಂಕ್ ಎಂಬ 22 ಹೆಕ್ಟೇರ್ ಕೆಸರುಬಯಲು, ಹಕ್ಕಿಗಳ ಅಡ್ಡೆ. ಬಂದರಿನ ವಿಸ್ತರಣೆಗೆಂದು ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶದಿಂದ ಹೊರಗಿಟ್ಟಿತು. ಬ್ರಿಟನ್ನಿನ ಪಕ್ಷಿಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಕೋರ್ಟಿಗೆ ಹೋಯಿತು. ಹಕ್ಕಿಗಳ ರಕ್ಷಿತ ಪ್ರದೇಶದ ಗಡಿ ಗುರುತಿಸುವಾಗ ಹಣದ ಲಾಭವನ್ನು ಎಣಿಸಕೂಡದೆಂದು 1996ರಲ್ಲಿ ಐರೋಪ್ಯ ನ್ಯಾಯಾಲಯ ತೀರ್ಪು ಕೊಟ್ಟಿತು. ಗೆದ್ದರು! ಆದರೆ ತೀರ್ಪು ಬರುವಷ್ಟರಲ್ಲಿ ಆ ಕೆಸರಿನ ಮೇಲೆ ಕಾರು ನಿಲ್ಲಿಸುವ ಜಾಗ ಎದ್ದಿತ್ತು. ಹೋದದ್ದಕ್ಕೆ ಬದಲಾಗಿ ಬೇರೆಲ್ಲಾದರೂ ಹೊಸ ಕೆಸರು ಮಾಡಿಕೊಡಬೇಕಾದ ಹೊಣೆ ಸರ್ಕಾರದ ತಲೆಗೆ ಬಂತು. ಆ ಸಾಲ ತೀರಿಸಲು ಸರ್ಕಾರ ಹುಡುಕಿದ ಜಾಗವೇ ವಾಲಸೀಯ ಉತ್ತರದ ಅಂಚು. 2006ರ ಜುಲೈನಲ್ಲಿ ಅಲ್ಲಿನ ಒಡ್ಡು ಒಡೆದರು.

ಇಷ್ಟಾದ ಮೇಲೆ ಆರ್‌ಎಸ್‌ಪಿಬಿ ಕಂಡ ಕನಸು ಇಡೀ ದ್ವೀಪದ್ದು. 670 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 1,650 ಎಕರೆ. ಎಲ್ಲವೂ ಉಬ್ಬರದ ನೆಲವಾಗಬೇಕಿಲ್ಲ. ಒಂದಷ್ಟು ಜೌಗು, ಒಂದಷ್ಟು ಕೆಸರು, ಒಂದಷ್ಟು ಸವುಳು ಕೊಳ, ಒಂದಷ್ಟು ಹುಲ್ಲು.

ಒಡ್ಡು ಒಡೆದರಾಯಿತಲ್ಲ, ಅದರಲ್ಲೇನು ಎನ್ನುತ್ತೀರಾ? ಇಲ್ಲೇ ಆ ಕುಸಿದ ನೆಲ ಅಡ್ಡ ಬಂತು. ಅಷ್ಟು ತಗ್ಗಿನ, ಅಷ್ಟು ವಿಶಾಲವಾದ ಬಯಲಿಗೆ ಒಮ್ಮೆಗೇ ಬಾಗಿಲು ತೆಗೆದರೆ ಪ್ರತಿ ಉಬ್ಬರಕ್ಕೂ ಕಡಲು ಅದನ್ನು ತುಂಬಲು ಧಾವಿಸುತ್ತದೆ, ಪ್ರತಿ ಇಳಿತಕ್ಕೂ ಅಷ್ಟೇ ರಭಸದಲ್ಲಿ ಹೊರಗೋಡುತ್ತದೆ. ಕಿರಿದಾದ ಕ್ರೌಚ್ ನದಿ ಆ ಹೊಡೆತ ತಾಳದು; ಆಚೀಚೆಯ ಒಡ್ಡುಗಳ ಬುಡ, ಪಕ್ಕದ ಜೌಗುಗಳು ಕೊರೆದುಹೋಗುತ್ತವೆ. ಒಳಗೂ ಸಿಗುವುದು ಜೌಗಲ್ಲ, ಬರೀ ನೀರಿನ ಹೊಂಡ. ಉಪ್ಪುಗಿಡಗಳು ಬದುಕಬೇಕಾದರೆ ದಿನದ ಹೆಚ್ಚು ಹೊತ್ತು ಗಾಳಿಯಲ್ಲಿರಬೇಕು, ಸ್ವಲ್ಪ ಹೊತ್ತು ಮಾತ್ರ ಮುಳುಗಬೇಕು. ಆ ಎತ್ತರ ಗೇಣು ತಪ್ಪಿದರೂ ಗಿಡ ಬೇರೆ, ಹಕ್ಕಿ ಬೇರೆ. ನಾನೂರು ವರ್ಷ ತಪ್ಪಿಹೋದ ಮೆಕ್ಕಲನ್ನು ಒಂದೇ ಸಲಕ್ಕೆ ತಂದು ಹಾಕಬೇಕಿತ್ತು. ಎಲ್ಲಿಂದ?

ಇಂಗ್ಲೆಂಡಿನ ಇನ್ನೊಂದು ಬದಿಯಲ್ಲಾದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಾಮರ್‌ಸೆಟ್‌ನ ಸ್ಟಿಯರ್ಟ್ ಎಂಬಲ್ಲಿ, ಪ್ಯಾರೆಟ್ ನದಿಯ ಅಳಿವೆಯ ಹೊಲಗಳಿಗೆ 2014ರಲ್ಲಿ ಹೀಗೇ ನೀರು ಬಿಟ್ಟರು. ಅಲ್ಲಿ ಉಬ್ಬರ ಇಳಿತಗಳ ಅಂತರ ಜಗತ್ತಿನ ಅತಿ ದೊಡ್ಡ ಅಂತರಗಳಲ್ಲೊಂದು, ನೀರಿನ ಬಣ್ಣವೇ ಕೆಸರು. ಸಮುದ್ರವೇ ಕೂಲಿಯಿಲ್ಲದೆ ಮಣ್ಣು ಹೊತ್ತು ತಂದು ಸುರಿಯಿತು. ವಾಲಸೀಯ ನೀರಿಗೆ ಆ ಸಿರಿವಂತಿಕೆ ಇಲ್ಲ.

ಆ ಹೊತ್ತಿಗೆ ಲಂಡನ್ನಿನಲ್ಲಿ, ಮುಂದೆ ಎಲಿಜಬೆತ್ ಲೈನ್ ಆದ ಕ್ರಾಸ್‌ರೈಲ್ ಎಂಬ ಯೋಜನೆಯ ಎಂಜಿನಿಯರುಗಳು ತಲೆ ಕೆರೆದುಕೊಳ್ಳುತ್ತಿದ್ದ ಪ್ರಶ್ನೆ ಇದರ ತದ್ವಿರುದ್ಧ: ಇಷ್ಟು ಮಣ್ಣು ಎಲ್ಲಿ ಹಾಕುವುದು? ಆಹಾ! ಒಬ್ಬರಿಗೆ ಹೊರೆ, ಒಬ್ಬರಿಗೆ ವರ.

ಸಾವಿರ ಟನ್ ತೂಗುವ ಎಂಟು ಸುರಂಗ ಕೊರೆಯುವ ಯಂತ್ರಗಳು 2012ರಿಂದ 2015ರವರೆಗೆ ಲಂಡನ್ನಿನ ಕೆಳಗೆ ಕೊರೆದವು. ಸುರಂಗದವರಲ್ಲಿ ಯಂತ್ರಕ್ಕೆ ಹೆಣ್ಣು ಹೆಸರಿಡುವುದು ಸಂಪ್ರದಾಯ: ಫಿಲಿಸ್, ಏಡಾ, ಎಲಿಜಬೆತ್, ವಿಕ್ಟೋರಿಯಾ, ಮೇರಿ, ಸೋಫಿಯಾ, ಜೆಸಿಕಾ, ಎಲ್ಲಿ. ಬೆಂಗಳೂರಿನ ಮೆಟ್ರೊದವರು ಊರ್ಜಾ, ತುಂಗಾ, ಭದ್ರಾ ಎಂದು ಕರೆದಿದ್ದು ನೆನಪಿದೆಯಲ್ಲ. ಒಟ್ಟು ಅಗೆದ ಮಣ್ಣು ಸುಮಾರು 70 ಲಕ್ಷ ಟನ್. ದಾರಿಯಲ್ಲಿ ಸಿಕ್ಕಿದ್ದಕ್ಕೆ ಲೆಕ್ಕವಿಲ್ಲ. ಕೆನರಿ ವಾರ್ಫ್‌ನಲ್ಲಿ ಉಣ್ಣೆಆನೆಯ ದವಡೆಯ ತುಂಡು, ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಹಳೆಯ ಸ್ಮಶಾನ, ಅದರಲ್ಲಿ ಪ್ಲೇಗಿನಿಂದ ಸತ್ತವರ ಅಸ್ಥಿ. ಪುರಾತತ್ವದವರು ತಮ್ಮ ಪಾಲು ಎತ್ತಿಟ್ಟುಕೊಂಡ ಮೇಲೆ ಜೇಡಿಮಣ್ಣು ಹೊರಟಿತು. ಪಶ್ಚಿಮದ ಸುರಂಗಗಳದ್ದು ಗೂಡ್ಸ್ ರೈಲಿನಲ್ಲಿ ಕೆಂಟ್‌ನ ನಾರ್ತ್‌ಫ್ಲೀಟ್‌ಗೆ, ಅಲ್ಲಿಂದ ಹಡಗಿಗೆ. ಪೂರ್ವದಲ್ಲಿ ಅಗೆದದ್ದು ನದಿಯಿಂದಲೇ ನೇರ. ವಾಲಸೀ ದಂಡೆಯಲ್ಲಿ ಇದಕ್ಕೆಂದೇ ಧಕ್ಕೆ ಕಟ್ಟಿದರು, ಹಡಗಿನಿಂದ ಹೊಲದವರೆಗೆ ಕನ್ವೇಯರ್ ಬೆಲ್ಟ್ ಹಾಕಿದರು. ಸಾವಿರಕ್ಕೂ ಹೆಚ್ಚು ಸಲ ಹಡಗುಗಳು ಬಂದು ಖಾಲಿಯಾದವು. ಲಂಡನ್ನಿನ ಬೀದಿಗಳಲ್ಲಿ ಓಡಬೇಕಿದ್ದ ಲೆಕ್ಕವಿಲ್ಲದಷ್ಟು ಲಾರಿಗಳು ಓಡಲೇ ಇಲ್ಲ.

ನನಗೆ ರೋಮಾಂಚನವಾಗುವುದು ಆ ಮಣ್ಣಿನ ಜಾತಕ ಓದಿದಾಗ. ಲಂಡನ್ನಿನ ಕೆಳಗಿನ ಬೂದು ನೀಲಿ ಜೇಡಿಗೆ ಭೂವಿಜ್ಞಾನಿಗಳು ಲಂಡನ್ ಕ್ಲೇ ಎಂದೇ ಹೆಸರಿಟ್ಟಿದ್ದಾರೆ. ಅದು ಕೂತದ್ದು ಐದು ಕೋಟಿ ವರ್ಷಗಳಿಗೂ ಹಿಂದೆ, ಒಂದು ಬೆಚ್ಚನೆಯ ಸಮುದ್ರದ ತಳದಲ್ಲಿ. ಆಗ ಇಂಗ್ಲೆಂಡಿನ ಹವೆ ಇವತ್ತಿನ ನಮ್ಮ ಕರಾವಳಿಯ ಹವೆಗೆ ಹತ್ತಿರ! ಥೇಮ್ಸ್ ಬಾಯಿಯ ಶೆಪ್ಪಿ ದ್ವೀಪದಲ್ಲಿ ಈ ಜೇಡಿಯೊಳಗಿಂದ ನೈಪಾ ತಾಳೆಯ ಹಣ್ಣುಗಳು ಕಲ್ಲಾಗಿ ಉದುರುತ್ತವೆ. ನೈಪಾ ಎಂದರೆ ಇಂದಿಗೂ ಸುಂದರಬನದ, ಆಗ್ನೇಯ ಏಷ್ಯಾದ ಅಳಿವೆಗಳ ಕೆಸರಲ್ಲಿ ಬೆಳೆಯುವ ತಾಳೆ, ಕಾಂಡ್ಲ ವನಗಳ ಒಡನಾಡಿ. ಅಂದರೆ ಫಿಲಿಸ್ ಮತ್ತು ಏಡಾ ಕೊರೆದು ತೆಗೆದದ್ದು ಮೊದಲೇ ಕಡಲಿನ ಕೆಸರು. ಕಾಂಡ್ಲದ ತೀರವಿದ್ದ ಒಂದು ಕಡಲು ಮಾಯವಾಯಿತು, ಮೇಲೆ ನದಿ ಹರಿಯಿತು, ರೋಮನ್ನರು ಬಂದರು, ಊರು ಕಟ್ಟಿದರು, ಊರು ಸುಟ್ಟಿತು, ಮತ್ತೆ ಕಟ್ಟಿದರು, ಕೊನೆಗೆ ರೈಲು ಬೇಕೆಂದು ಅಗೆದರು. ಐದು ಕೋಟಿ ವರ್ಷ ಅಜ್ಞಾತವಾಸ ಮುಗಿಸಿದ ಕೆಸರು ಮತ್ತೆ ಉಬ್ಬರ ಇಳಿತದ ನೀರಿಗೇ ಬಂದು ಸೇರಿತು!

ದ್ವೀಪದಲ್ಲಿ ಇದನ್ನು ಸುಮ್ಮನೆ ಗುಡ್ಡೆ ಹಾಕಲಿಲ್ಲ. ನೆಲವನ್ನು ಸರಾಸರಿ ಒಂದೂವರೆ ಮೀಟರ್ ಎತ್ತರಿಸಿದರು. ಇಲ್ಲಿ ತಗ್ಗು, ಅಲ್ಲಿ ದಿಬ್ಬ, ನೀರು ಓಡಾಡಲು ಕವಲು ತೋಡುಗಳು, ನಡುವೆ ನರಿ ದಾಟಲಾರದ ಪುಟ್ಟ ನಡುಗಡ್ಡೆಗಳು. ಬುಲ್ಡೋಜರಿನವರು ಮಾಡಿದ ಶಿಲ್ಪ ಅದು. ಜೂಬಿಲಿ ಮಾರ್ಷ್ ಎಂದು ಹೆಸರಿಟ್ಟರು. 2015ರ ಜುಲೈನಲ್ಲಿ ಹಳೆಯ ಒಡ್ಡನ್ನು ಮೂರು ಕಡೆ ಕತ್ತರಿಸಿದರು. ಇಳಿತದ ಹೊತ್ತು ನೋಡಿ ಅಗೆದು ಯಂತ್ರಗಳು ಹಿಂದೆ ಸರಿದರೆ ಮುಗಿಯಿತು, ಮುಂದಿನದು ಚಂದ್ರನ ಕೆಲಸ. ನೀರು ಮೊದಲು ತೋಡಿನ ತಳದಲ್ಲಿ ನಾಲಗೆ ಚಾಚುತ್ತದೆ, ಅಂಚು ತುಂಬುತ್ತದೆ, ಕವಲಿಗೆ ಕವಲು ಕೂಡಿಕೊಳ್ಳುತ್ತದೆ.

ಆಮೇಲೆ ಯಾರೂ ಗಿಡ ನೆಡಲಿಲ್ಲ. ಬೀಜ ತಂದದ್ದೂ ಸಮುದ್ರವೇ. ಮೊದಲು ಬರುವುದು ಸ್ಯಾಂಫೈರ್, ಎಲೆಯೇ ಇಲ್ಲದ, ಗಣ್ಣುಗಣ್ಣಿನ ರಸಭರಿತ ಕಡ್ಡಿ. ತಿಂದರೆ ಉಪ್ಪುಪ್ಪು, ಲಂಡನ್ನಿನ ಹೋಟೆಲುಗಳಲ್ಲಿ ಮೀನಿನ ಪಕ್ಕ ಬಡಿಸುತ್ತಾರೆ. ಶರತ್ಕಾಲದಲ್ಲಿ ಬಯಲಿಗೆ ಬಯಲೇ ಕೆಂಪೇರುವುದು ಇದರಿಂದ. ಅದರ ಹಿಂದೆ ಸೀಬ್ಲೈಟ್, ಸ್ವಲ್ಪ ಮೇಲೆ ನೇರಳೆ ಹೂವಿನ ಸೀ ಆಸ್ಟರ್, ತೋಡಿನ ಅಂಚಿನಲ್ಲಿ ಬೂದು ಎಲೆಯ ಪರ್ಸ್‌ಲೇನ್. ಯಾವ ಗಿಡ ಎಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ಆ ಜಾಗಕ್ಕೆ ಉಬ್ಬರ ಎಷ್ಟು ಹೊತ್ತು ಬರುತ್ತದೆಂದು ಹೇಳಿಬಿಡಬಹುದು.

ಕೆಸರಿನೊಳಗಿನದು ಇನ್ನೊಂದು ಲೋಕ. ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳುಗಳು, ಕೆಸರಲ್ಲಿ ಬಿಲ ತೋಡಿದ ಸೀಗಡಿ ಜಾತಿಯ ಪುಟಾಣಿಗಳು, ಎರೆಹುಳುವಿನ ನೆಂಟರಾದ ಕಡಲಹುಳುಗಳು, ಚಿಪ್ಪಿನ ಮರಿಗಳು. ಇಳಿತ ಶುರುವಾದ ಕೂಡಲೇ ಹಕ್ಕಿಗಳು ಇಳಿಯುತ್ತವೆ. ಮದುವೆಯೂಟದ ಬಾಳೆಲೆಯಲ್ಲಿ ಉಪ್ಪಿನಿಂದ ಪಾಯಸದವರೆಗೆ ಒಂದೊಂದಕ್ಕೂ ಒಂದೊಂದು ಜಾಗ ಇರುವಂತೆ, ಇಲ್ಲಿ ಒಂದೊಂದು ಕೊಕ್ಕಿಗೂ ಒಂದೊಂದು ಆಳ ಮೀಸಲು. ಕೆಂಪುಕಾಲಿನ ಗೊರವ ಮೇಲ್ಪದರದ ಸೀಗಡಿ ಹೆಕ್ಕುತ್ತದೆ. ನಾಟ್ ಹಕ್ಕಿ ಸಣ್ಣ ಚಿಪ್ಪನ್ನು ಇಡಿಯಾಗಿ ನುಂಗಿ ತನ್ನ ಹೊಟ್ಟೆಯೊಳಗಿನ ಗಿರಣಿಯಲ್ಲಿ ಪುಡಿಮಾಡುತ್ತದೆ. ಗೇಣುದ್ದದ ಬಾಗುಕೊಕ್ಕಿನ ಕರ್ಲ್ಯೂ ಉಳಿದವರ್ಯಾರಿಗೂ ಎಟುಕದ ಹುಳುವನ್ನು ಬಿಲದಿಂದಲೇ ಎಳೆಯುತ್ತದೆ. ಕೊಕ್ಕು ಮೇಲಕ್ಕೆ ತಿರುಗಿದ ಅವೊಸೆಟ್ ಇರಿಯುವುದೇ ಇಲ್ಲ. ತೆಳುನೀರಲ್ಲಿ ತಲೆಯನ್ನು ಎಡಕ್ಕೆ ಬಲಕ್ಕೆ ಬೀಸುತ್ತ ತಡವಿ ತಿನ್ನುತ್ತದೆ. ಒಂದೇ ಕೆಸರು, ಯಾರಿಗೂ ಯಾರ ಮೇಲೂ ಜಗಳವಿಲ್ಲ. (ಸುಳ್ಳು ಯಾಕೆ, ಕಡಲಕಾಗೆಗಳು ಬಂದಾಗ ಜಗಳ ಉಂಟು.)

ಅವೊಸೆಟ್ ಹಕ್ಕಿಯದಂತೂ ಒಂದು ಕಾದಂಬರಿಗೆ ಆಗುವ ಕತೆ. ಜೌಗು ಬತ್ತಿಸಿದ್ದರಿಂದ, ಮೊಟ್ಟೆ ಕದ್ದದ್ದರಿಂದ 1840ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದು ಗೂಡು ಕಟ್ಟುವುದನ್ನೇ ಬಿಟ್ಟಿತ್ತು. ನೂರು ವರ್ಷ ಸುಳಿವಿಲ್ಲ. 1940ರಲ್ಲಿ ಹಿಟ್ಲರನ ಸೈನ್ಯ ಇಳಿದೀತೆಂಬ ಹೆದರಿಕೆಯಲ್ಲಿ ಸಫೋಕ್ ತೀರದ ಮಿನ್ಸ್‌ಮಿಯರ್ ಎಂಬಲ್ಲಿನ ಹುಲ್ಲುಗಾವಲು ಹೊಲಗಳನ್ನು ಬೇಕೆಂದೇ ನೀರಲ್ಲಿ ಮುಳುಗಿಸಿದರು. ಜರ್ಮನರು ಬರಲಿಲ್ಲ. 1947ರಲ್ಲಿ ಬಂದದ್ದು ಅವೊಸೆಟ್! ಆ ಹಕ್ಕಿಯೇ ಇಂದು ಆರ್‌ಎಸ್‌ಪಿಬಿಯ ಲಾಂಛನ. ಹೊಲಕ್ಕೆ ನೀರು ಬಿಟ್ಟರೆ ಹಕ್ಕಿ ತಾನಾಗಿ ಬರುತ್ತದೆ ಎಂಬ ಪಾಠ ಯುದ್ಧದ ಕಾಲದಲ್ಲೇ ಸಿಕ್ಕಿತ್ತು, ಓದಿಕೊಂಡವರು ಕಡಿಮೆ.

ಚಳಿಗಾಲಕ್ಕೆ ಬ್ರೆಂಟ್ ಹೆಬ್ಬಾತುಗಳ ಸರದಿ. ಗದಗದ ಮಾಗಡಿ ಕೆರೆಗೆ ಮಂಗೋಲಿಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತು ಬರುವುದನ್ನು ಕಂಡವರಿಗೆ ಆ ಸಡಗರ ಗೊತ್ತು. ಇವು ಸೈಬೀರಿಯಾದ ಟೈಮಿರ್ ಮೂಲೆಯಿಂದ ಎಸೆಕ್ಸ್‌ಗೆ ಹಾರಿ ಬರುವ ಕಪ್ಪು ಹೊಟ್ಟೆಯ ಸಣ್ಣ ಹೆಬ್ಬಾತುಗಳು. 1930ರ ದಶಕದಲ್ಲಿ ಇವುಗಳ ಮುಖ್ಯ ಮೇವಾದ ಈಲ್‌ಗ್ರಾಸ್ ಎಂಬ ಕಡಲಹುಲ್ಲಿಗೆ ರೋಗ ಬಡಿದು ಸಂತತಿ ಕುಸಿದಿತ್ತು. ಮತ್ತೆ ಚೇತರಿಸಿಕೊಂಡ ಮೇಲೆ ಸಮುದ್ರದಲ್ಲಿ ಮೇವು ಸಾಲದೆ ಒಡ್ಡು ಹಾರಿ ಗೋಧಿ ಹೊಲಗಳಿಗೇ ಇಳಿದವು, ರೈತರ ಬೈಗುಳ ತಿಂದವು. ಒಮ್ಮೆ ತಮ್ಮದೇ ಆಗಿದ್ದ ಜಾಗದಲ್ಲಿ ಕಳ್ಳರಾದ ಹಕ್ಕಿಗಳು!

ಕಣ್ಣಿಗೆ ಕಾಣದ್ದೂ ಇದೆ. ಎಸೆಕ್ಸ್‌ನ ಇಂಥ ಮರಳಿಸಿದ ಜೌಗುಗಳಲ್ಲಿ ಬಲೆ ಹಾಕಿ ನೋಡಿದವರಿಗೆ ಉಬ್ಬರದ ಜೊತೆ ಒಳಬರುವ ಬಾಸ್, ಹೆರಿಂಗ್ ಮೀನಿನ ಮರಿಗಳು ಸಿಕ್ಕಿವೆ. ಗಿಡದ ಬುಡಗಳ ನಡುವೆ ಮೇದು ಇಳಿತಕ್ಕೆ ಹೊರಡುತ್ತವೆ. ಕೆಸರು ತನ್ನೊಳಗೆ ಇಂಗಾಲವನ್ನು ಹೂತಿಡುತ್ತದೆ. ಇನ್ನು ಎಂಜಿನಿಯರುಗಳಿಗೆ ಪ್ರಿಯವಾದ ಒಂದು ಅಂದಾಜು ಹೇಳಿಬಿಡುತ್ತೇನೆ: ಕಡಲ ಒಡ್ಡಿನ ಮುಂದೆ 80 ಮೀಟರ್ ಅಗಲದ ಜೌಗಿದ್ದರೆ ಒಡ್ಡು 3 ಮೀಟರ್ ಎತ್ತರವಿದ್ದರೆ ಸಾಕು; ಜೌಗೇ ಇಲ್ಲದಿದ್ದರೆ ಅದೇ ರಕ್ಷಣೆಗೆ 12 ಮೀಟರ್ ಬೇಕು. ಮೊಣಕಾಲುದ್ದದ ಗಿಡಗಳು ಅಲೆಯ ಸೊಕ್ಕು ಮುರಿಯುವ ಪರಿ ಇದು.

ಎಲ್ಲವೂ ಹಳೆಯದರಂತೆಯೇ ಆಯಿತೆಂದು ಹೇಳಲಾರೆ. ನೇಗಿಲು, ಟ್ರ್ಯಾಕ್ಟರು ತುಳಿದು ಗಟ್ಟಿಯಾದ ಪದರ ಹಳೆಯ ಹೊಲಗಳಲ್ಲಿ ಹಾಗೇ ಉಳಿದಿರುತ್ತದೆ, ನೀರು ಬಸಿಯದು, ಬೇರಿಗೆ ಉಸಿರು ಸಾಲದು. ಸಮುದ್ರ ಲ್ಯಾವೆಂಡರಿನಂಥ ನಾಜೂಕು ಗಿಡಗಳು ಹೊಸ ಜೌಗಿಗೆ ಬರಲು ಬಹಳ ಕಾಲ ಸತಾಯಿಸುತ್ತವೆ. ಅನ್ನ ಬೆಳೆಯುವ ನೆಲವನ್ನು ಹಕ್ಕಿಗೆ ಕೊಟ್ಟದ್ದು ಸರಿಯೇ ಎಂದು ಕೇಳುವವರೂ ಇದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ವಾಲಸೀಯ ಮಟ್ಟಿಗೆ ಉತ್ತರ ಸುಲಭ: ಆ ಹೊಲ ಹೆಚ್ಚು ಕಾಲ ಹೊಲವಾಗಿ ಉಳಿಯುವಂತಿರಲಿಲ್ಲ, ಒಡ್ಡಿನ ಖರ್ಚು ಗೋಧಿಯ ಬೆಲೆ ಮೀರುತ್ತಿತ್ತು. ಆದರೆ ಇದೇ ಉತ್ತರವನ್ನು ಹೊತ್ತು ನಮ್ಮ ಅಘನಾಶಿನಿಗೆ ಬಂದರೆ ನಾನು ಒಪ್ಪುವುದಿಲ್ಲ.

ಯಾಕೆಂದರೆ ಅಲ್ಲಿನವರು ಸಮುದ್ರವನ್ನು ಪೂರ್ತಿ ಹೊರಗಿಟ್ಟವರಲ್ಲ. ಕುಮಟಾದ ಮಾಣಿಕಟ್ಟಾ ಸುತ್ತಿನ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರು ತಾಳುತ್ತದೆ, ಗೊಬ್ಬರ ಬೇಡುವುದಿಲ್ಲ. ಮಳೆಗಾಲದಲ್ಲಿ ಸಿಹಿನೀರು, ಭತ್ತ. ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಬಾಗಿಲು ತೆಗೆದು ಉಬ್ಬರವನ್ನು ಒಳಗೆ ಬಿಡುತ್ತಾರೆ, ಕೊಳೆತ ಕೂಳೆ ತಿಂದು ಮೀನು ಸೀಗಡಿ ಕೊಬ್ಬುತ್ತವೆ, ಅವನ್ನು ಹುಡುಕಿ ಹಕ್ಕಿ ಬರುತ್ತದೆ. ವಾಲಸೀಯಲ್ಲಿ ಹುಳು ಎಳೆಯುವ ಕರ್ಲ್ಯೂ ಜಾತಿಯೇ ಚಳಿಗಾಲಕ್ಕೆ ಇಲ್ಲೂ ಇಳಿಯುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಇಂಗ್ಲೆಂಡಿನವರು ನಾನೂರು ವರ್ಷ ಸುತ್ತಿ, ಒಂದು ರೈಲುಮಾರ್ಗವನ್ನೇ ಅಗೆದು ತಲುಪಿದ ಜಾಗದ ಹತ್ತಿರಕ್ಕೆ ಕಗ್ಗ ಬೆಳೆಯುವವರು ಒಂದು ಹಲಗೆಯಲ್ಲಿ ತಲುಪಿದ್ದರು! ಅಲ್ಲಿ ಗದ್ದೆ ಪಾಳು ಬೀಳುವುದು ಹಕ್ಕಿಗೂ ನಷ್ಟವೇ.

ವಾಲಸೀಯಲ್ಲಿ ಜೌಗಿನ ನೆಲವನ್ನು ಸಮತಟ್ಟಾಗಿ ಬಿಡದೆ, ಒಳಗಿನ ಹೊಸ ಒಡ್ಡಿನ ಕಡೆಗೆ ಬಹಳ ನಯವಾದ ಏರು ಕೊಟ್ಟಿದ್ದಾರೆ. ಮೇಲಿನ ಅಂಚು ಈಗ ಒಣ ಹುಲ್ಲು, ಬಾನಾಡಿಗಳು ಗೂಡು ಕಟ್ಟುವ ಜಾಗ; ಉಬ್ಬರ ಅಲ್ಲಿಗೆ ಮುಟ್ಟುವುದಿಲ್ಲ. ಇನ್ನು ಮುಂದಿನ ದಶಕಗಳಲ್ಲಿ ಸಮುದ್ರ ಏರಿದಾಗ ಸ್ಯಾಂಫೈರ್ ಆಸ್ಟರ್ ಜಾಗಕ್ಕೆ ಹತ್ತುತ್ತದೆ, ಆಸ್ಟರ್ ಆ ಹುಲ್ಲಿನ ಜಾಗಕ್ಕೆ ಹತ್ತುತ್ತದೆ, ಕೆಳಗೆ ಖಾಲಿಯಾದದ್ದು ಗೊರವಗಳ ಕೆಸರಾಗುತ್ತದೆ. ಇನ್ನೂ ಬಾರದ ಉಬ್ಬರಕ್ಕೆ ಎಷ್ಟು ಎತ್ತರ ಬೇಕೆಂದು ಅಳೆದು, ಲಂಡನ್ನಿನ ಮಣ್ಣನ್ನು ಅಲ್ಲಿಯವರೆಗೂ ಹರಡಿಟ್ಟಿದ್ದಾರೆ.